ಪುಟ ತಿರುವುವ ಕೈ ಮಗುವಿನದಾಗಿರಲಿ

ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಕತೆ ಕೇಳುತ್ತ ಮಗು ಹೂಂಗುಟ್ಟುತ್ತದೆ. ಹೂಂ ನಿಂತರೆ ಅಜ್ಜಿಯ ಕತೆಯೂ ನಿಲ್ಲುತ್ತದೆ. ಚಿತ್ರಪುಸ್ತಕದಲ್ಲಿ ಆ ಹೂಂ ಇರುವುದು ಪುಟದಲ್ಲಿ. ತಿರುವಿದರೆ ರಾಕ್ಷಸ ಬರುತ್ತಾನೆ, ಇಲ್ಲದಿದ್ದರೆ ಇಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಮಾಯಾಲೋಕದ ಸಾಹಸಗಳು ಅಷ್ಟು ಹಿಡಿಸಲು ನನ್ನ ಪ್ರಕಾರ ದೊಡ್ಡ ಕಾರಣ ಇದೇ. ಏಳುವುದು, ಉಣ್ಣುವುದು, ಮಲಗುವುದು ಎಲ್ಲವನ್ನೂ ಬೇರೆಯವರೇ ನಿರ್ಧರಿಸುವಾಗ, ಹೆದರಿಕೆಯ ಕೀಲಿಕೈಯೊಂದಾದರೂ ಮಗುವಿನ ಬಳಿ ಇರುತ್ತದೆ.

ಇಂಥ ಪುಸ್ತಕಗಳು ಹೆಚ್ಚಾಗಿ 32 ಪುಟದವು. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸಿದರೆ 8, 16 ಹೀಗೆ ಪುಟಗಳು ಸಿಗುವ ಮುದ್ರಣದ ಲೆಕ್ಕ ಅದು. ಶೀರ್ಷಿಕೆ, ಪ್ರಕಾಶಕರ ವಿವರ ಕಳೆದರೆ ಕತೆಗೆ ಸುಮಾರು 12ರಿಂದ 14 ಜೋಡಿಪುಟ ಉಳಿಯುತ್ತವೆ. ಒಳ್ಳೆಯ ಚಿತ್ರಕಾರರು ಬಲಪುಟದ ಅಂಚಿನಲ್ಲಿ, ಮುಂದಿನ ಪುಟದಲ್ಲಿ ಬರಲಿರುವ ಪ್ರಾಣಿಯ ಬಾಲದ ತುದಿ ಮಾತ್ರ ತೋರಿಸಿ ನಿಲ್ಲಿಸುತ್ತಾರೆ. ಮಗು ಆ ಬಾಲದ ಮೇಲೆ ಬೆರಳಿಟ್ಟು ಉಸಿರು ಹಿಡಿಯುತ್ತದೆ. ಓದುವವರು ಎಡವುವುದು ಇಲ್ಲೇ: ಅವಸರದಲ್ಲಿ ತಾವೇ ಪುಟ ಮಗುಚಿಬಿಡುತ್ತಾರೆ. ಮನಸ್ಸಿನಲ್ಲೇ ಐದು ಎಣಿಸಿ, ಕಾಯಿರಿ.

ಮುಂಬೈಯ ಕನ್ನಡ ಮನೆಗಳಿಗೆ ಇನ್ನೊಂದು ಲಾಭವಿದೆ. ಮುಂಬೈ ಪಕ್ಕದ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಬೆಳೆಯುವ ಮಗುವಿಗೆ ಮೆಟ್ಟಿಲ ಮೇಲೆ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡವೆಂದರೆ ‘ಊಟ ಮಾಡು, ಬೂಟು ಹಾಕ್ಕೋ’ ಅಷ್ಟೇ. ಗವಿ, ಹೆಬ್ಬಂಡೆ, ಕಾರ್ಗತ್ತಲು, ಹರಿಗೋಲು ಅಡುಗೆಮನೆಯ ಮಾತಿನಲ್ಲಿ ಬರುವುದೇ ಇಲ್ಲ. ಸಾಹಸದ ಕತೆ ಅವನ್ನು ತರುತ್ತದೆ, ಅರ್ಥವನ್ನು ಚಿತ್ರ ಹೇಳುತ್ತದೆ. ‘ಗವಿ ಅಂದ್ರೆ ಗುಹಾ’ ಎಂದು ಕೂಡಲೇ ಮರಾಠಿಗೆ ತಿರುಗಿಸಬೇಡಿ. ಚಿತ್ರದ ಕಪ್ಪು ಬಾಯಿಯ ಮೇಲೆ ಬೆರಳಿಡಿ, ಸಾಕು.

‘ಹೋಗುತ್ತಾನೆ’ ಎಂದು ಅಚ್ಚಾಗಿದ್ದರೂ ಮನೆಯ ಮಾತಿನಲ್ಲೇ ಓದಿ: ಧಾರವಾಡದ ಕಡೆಯವರಾದರೆ ‘ಹೊಂಟಾನ’, ಮಂಗಳೂರಿನವರಾದರೆ ‘ಹೋಗ್ತಾನೆ’. ಮರುಕಳಿಸುವ ಪಲ್ಲವಿಯಂಥ ಸಾಲನ್ನು, ‘ದಡಬಡ’, ‘ಸರ್ರ್’ ಶಬ್ದಗಳನ್ನು ಮಾತ್ರ ಪ್ರತಿಸಲ ಹಾಗೇ ಹೇಳಿ. ಅದನ್ನು ಬದಲಿಸಿದರೆ ಮಗು ಒಪ್ಪುವುದಿಲ್ಲ. ಮುಂದಿನ ಮಾತು ಗೊತ್ತಿರುವುದೇ ಅದರ ಧೈರ್ಯ.

ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ 2015ರಿಂದ ಉಚಿತ ಕತೆಗಳು ಸಿಗುತ್ತಿವೆ, ಕನ್ನಡದವೂ ಇವೆ. ಮೊಬೈಲಿನ ಪುಟ್ಟ ಪರದೆಯಲ್ಲಿ ಮೂಲೆಯ ಬಾಲ ಕಾಣಿಸುವುದಿಲ್ಲ. ಆದ್ದರಿಂದ ಎ4 ಹಾಳೆಯಲ್ಲಿ ಅಡ್ಡಲಾಗಿ, ಒಂದೇ ಬದಿಗೆ ಮುದ್ರಿಸಿ ಎಡಗಡೆ ದಾರದಿಂದ ಹೊಲಿಯಿರಿ. ಎರಡೂ ಬದಿಗೆ ಮುದ್ರಿಸಿದರೆ ತೆಳು ಕಾಗದದಲ್ಲಿ ರಾಕ್ಷಸ ಹಿಂದಿನಿಂದಲೇ ಇಣುಕಿ ಗುಟ್ಟು ಬಿಟ್ಟುಕೊಡುತ್ತಾನೆ.

ಹೆದರುವ ಮಗುವಿಗೆ ಕೊನೆಯ ಪುಟವನ್ನು ಮೊದಲೇ ತೋರಿಸಬಹುದು: ಪುಟ್ಟಿ ಮನೆಗೆ ಬಂದಿದ್ದಾಳೆ, ಅನ್ನ ಇನ್ನೂ ಬಿಸಿಯಿದೆ. ‘ಇದೆಲ್ಲ ಸುಳ್ಳು’ ಎಂದು ಸಮಾಧಾನ ಮಾಡಲು ಹೋಗಬೇಡಿ. ಪುಸ್ತಕ ಮುಚ್ಚಿದರೆ ಮುಚ್ಚಲಿ, ನಾಳೆ ಅದೇ ತರುತ್ತದೆ. ನಾಲ್ಕನೆಯ ಸಲ ನೇರ ರಾಕ್ಷಸನ ಪುಟಕ್ಕೇ ಹೋಗಿ ಅವನ ಹಲ್ಲು ಎಣಿಸತೊಡಗಿದರೆ, ಎಣಿಸಲು ಬಿಡಿ.