ತೂತು ಬ್ಯಾರಲ್

ಕಳೆದ ವಾರ ಕುಂದಗೋಳ ಕಡೆಯ ಅಜ್ಜಿಯೊಬ್ಬರು ಅಂಗಡಿಗೆ ಬಂದಿದ್ದರು. ಮೊಮ್ಮಗಳ ಮದುವೆಗೆ ನೀರು ತುಂಬಿಡಲು ಎರಡು ಬ್ಯಾರಲ್ ಬೇಕಾಗಿದ್ದವು. ನೀಲಿ ಬ್ಯಾರಲ್ಲನ್ನು ಬೆರಳಿನಿಂದ ತಟ್ಟಿ ನೋಡಿದರು, ಮುಚ್ಚಳ ತಿರುಗಿಸಿ ನೋಡಿದರು. ಆಮೇಲೆ ಗಲ್ಲಾದ ಹಿಂದಿನ ಗೋಡೆಯಲ್ಲಿ ತೂಗುಹಾಕಿದ ಫೋಟೊ ಕಡೆ ಬೊಟ್ಟು ಮಾಡಿ, "ತಮ್ಮಾ, ಅದು ಎಷ್ಟು ಕೊಡ ಹಿಡಿಯುತ್ತದೆ?" ಎಂದರು.

"ಒಂದು ಕೊಡವೂ ಹಿಡಿಯುವುದಿಲ್ಲ ಅಜ್ಜಿ. ಮೈಯೆಲ್ಲ ತೂತು."

"ಮತ್ತೆ ಅದನ್ನೇಕೆ ತೂಗುಹಾಕಿದ್ದೀಯಪ್ಪಾ?"

ಸರಿಯಾದ ಪ್ರಶ್ನೆ. ಆದರೆ ಹಿಂದೆ ನಾಲ್ಕು ಗಿರಾಕಿಗಳು ನಿಂತಿದ್ದರು, ಉತ್ತರ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ನನ್ನದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಕೆಟ್, ಕೊಡ, ಬುಟ್ಟಿ ಎಲ್ಲ ಇದ್ದರೂ ಅನ್ನ ಹಾಕುತ್ತಿರುವುದು ಇನ್ನೂರು ಲೀಟರಿನ ಬ್ಯಾರಲ್ಲೇ. ನಳ ಇವತ್ತು ಬಂದರೆ ಮತ್ತೆ ಯಾವಾಗಲೋ ಎನ್ನುವ ಊರಿನಲ್ಲಿ ಬ್ಯಾರಲ್ ಮಾರುವವನು ಉಪವಾಸ ಬೀಳುವುದಿಲ್ಲ. ನಮ್ಮ ಮನೆಯಲ್ಲೂ ಐದು ಇವೆ. ನಳ ಬಂದ ರಾತ್ರಿ ಎಲ್ಲ ತುಂಬಬೇಕು, ಪಟಿಕ ಆಡಿಸಬೇಕು, ಬಾಯಿಗೆ ಹಳೆಯ ಧೋತರ ಕಟ್ಟಬೇಕು. ನಾಲ್ಕನೆಯ ದಿನಕ್ಕೆ ಧೋತರ ಬಿಚ್ಚಿದರೆ ಸೊಳ್ಳೆಮರಿಗಳು ನನಗಿಂತ ಮೊದಲೇ ಎದ್ದು ಕುಣಿಯುತ್ತಿರುತ್ತವೆ. ನಿಂತ ನೀರಿನ ಗುಣವೇ ಅದು.

ಎರಡು ವರ್ಷದ ಹಿಂದೆ ಅಕ್ಕನ ಮಗ ಅಂಡಮಾನಿಗೆ ಎಳೆದುಕೊಂಡು ಹೋದ. ಅವನಿಗೆ ಸಮುದ್ರದ ಹುಚ್ಚು. ನನಗೆ ಉಣಕಲ್ ಕೆರೆಯ ದಂಡೆಯಲ್ಲಿ ಕುಳಿತು ಗಿರ್ಮಿಟ್ ತಿನ್ನುವುದೇ ಜಲವಿಹಾರ. ಈಜು ಬರುವುದಿಲ್ಲ. "ಬರದಿದ್ದರೂ ನಡೆಯುತ್ತದೆ ಮಾಮಾ, ಹಿಂದಿನಿಂದ ಒಬ್ಬರು ಹಿಡಿದುಕೊಂಡೇ ಇರುತ್ತಾರೆ" ಎಂದು ಸ್ವರಾಜ್ ದ್ವೀಪದಲ್ಲಿ ರಬ್ಬರ್ ಅಂಗಿ ತೊಡಿಸಿಯೇ ಬಿಟ್ಟ. ಇದು ಹಳೆಯ ಹ್ಯಾವ್‌ಲಾಕ್. 2018ರಲ್ಲಿ ಹೆಸರು ಬದಲಾಯಿತು. ಮೂಗು ಹಿಡಿದು ಊದಿ ಊದಿ ಕಿವಿನೋವು ಸರಿಮಾಡಿಕೊಳ್ಳುತ್ತ ಇಳಿದೆ. ಹತ್ತು ಮೀಟರ್ ಆಳ ಇದ್ದಿರಬೇಕು. ಮೀನುಗಳನ್ನು ನೋಡಿ ಎಂದು ಕರೆದುಕೊಂಡು ಹೋದವರು ಕೈ ತೋರಿಸುತ್ತಿದ್ದರು. ನನ್ನ ಕಣ್ಣು ಬಿದ್ದಿದ್ದು ಬ್ಯಾರಲ್ ಮೇಲೆ.

ಹವಳದ ನಡುವೆ ನಿಂತಿತ್ತು. ನನ್ನ ಸೊಂಟಕ್ಕೆ ಬರುವಷ್ಟು ಎತ್ತರ, ಮೇಲೆ ಅಗಲವಾದ ಬಾಯಿ, ಹೊರಮೈಯಲ್ಲಿ ಉದ್ದುದ್ದ ಏಣುಗಳು. ಬಣ್ಣ ಹಳಸಿದ ಕಂದು ಎನಿಸಿತು. ಟಾರ್ಚ್ ಹಾಕಿದಾಗ ನೇರಳೆ ಬೆರೆತ ಕೆಂಪು ಎದ್ದಿತು. ಆಳಕ್ಕೆ ಹೋದಂತೆ ನೀರು ಎಲ್ಲಕ್ಕಿಂತ ಮೊದಲು ಕೆಂಪನ್ನೇ ನುಂಗುತ್ತದೆಯಂತೆ. ಇಪ್ಪತ್ತೆಂಟು ವರ್ಷದ ವ್ಯಾಪಾರದ ಚಟ ನೋಡಿ, ನೂರೈವತ್ತು ಲೀಟರ್ ಹಿಡಿಯಬಹುದು ಎಂದು ಮನಸ್ಸಿನಲ್ಲೇ ಅಂದಾಜು ಹಾಕಿದೆ. ಹತ್ತಿರ ಹೋದರೆ ಗೋಡೆಯಲ್ಲೆಲ್ಲ ಸೂಜಿಮೊನೆಯ ರಂಧ್ರಗಳು. ರಿಜೆಕ್ಟ್ ಮಾಲು.

ಮೇಲೆ ಬಂದ ಮೇಲೆ ಅಳಿಯ ಹೇಳಿದ, ಅದು ಪ್ರಾಣಿ. ಬ್ಯಾರಲ್ ಸ್ಪಂಜು. ನಮ್ಮ ಕಡೆಯ ಸಮುದ್ರಗಳಲ್ಲಿ ಇರುವ ಜಾತಿಗೆ ಸೆಸ್ಟೋಸ್ಪಾಂಜಿಯಾ ಟೆಸ್ಟುಡಿನೇರಿಯಾ ಎಂದು ಹೆಸರು. ಹೃದಯವಿಲ್ಲ, ಹೊಟ್ಟೆಯಿಲ್ಲ, ನರವಿಲ್ಲ, ಆದರೂ ಪ್ರಾಣಿ. ಅಂದಿನಿಂದ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಅಂಗಡಿಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೇರೆ ಕೆಲಸವೂ ಇರುವುದಿಲ್ಲ.

ಆ ತೂತುಗಳೇ ಅದರ ಜೀವ. ನೀರು ಗೋಡೆಯ ಸಣ್ಣ ರಂಧ್ರಗಳಿಂದ ಒಳಗೆ ಹೋಗಿ, ಕವಲೊಡೆದ ಕಾಲುವೆಗಳಲ್ಲಿ ಹರಿದು, ನಡುವಿನ ಟೊಳ್ಳಿಗೆ ಬಂದು, ಮೇಲಿನ ದೊಡ್ಡ ಬಾಯಿಯಿಂದ ಹೊರಗೆ ಹೋಗುತ್ತದೆ. ಅಂದರೆ ನಾವು ನೀರು ಸುರಿಯುವ ಕಡೆಯಿಂದ ಅದು ನೀರು ಚೆಲ್ಲುತ್ತದೆ! ಪಂಪು ಎಲ್ಲಿದೆ ಎಂದರೆ ಎಲ್ಲ ಕಡೆಯೂ ಇದೆ. ಒಳಗಿನ ಪುಟ್ಟ ಪುಟ್ಟ ಕೋಣೆಗಳ ಗೋಡೆಗೆ ಕಣ್ಣಿಗೆ ಕಾಣದ ಜೀವಕೋಶಗಳು ಅಂಟಿಕೊಂಡಿವೆ. ಪ್ರತಿಯೊಂದಕ್ಕೂ ಒಂದೊಂದು ಚಾವಟಿ, ಚಾವಟಿಯ ಸುತ್ತ ಜರಡಿಯಂತಹ ಕೊರಳಪಟ್ಟಿ. ಚಾವಟಿ ಬೀಸಿದರೆ ನೀರು ಸರಿಯುತ್ತದೆ, ಪಟ್ಟಿಗೆ ಬ್ಯಾಕ್ಟೀರಿಯಾ ಸಿಕ್ಕಿಬೀಳುತ್ತದೆ. ಅದೇ ಊಟ. ಮುಳುಗುಗಾರರು ಸ್ಪಂಜಿನ ಬುಡದ ಹತ್ತಿರ ಹಸಿರು ಬಣ್ಣದ ನೀರು ಬಿಟ್ಟು, ಕ್ಷಣಹೊತ್ತಿನಲ್ಲಿ ಅದು ಮೇಲಿನ ಬಾಯಿಯಿಂದ ಹೊಗೆಯಂತೆ ಏಳುವುದನ್ನು ತೋರಿಸುವ ವಿಡಿಯೊಗಳಿವೆ. ನಾನು ಎಷ್ಟು ಸಲ ನೋಡಿದ್ದೇನೆಂದರೆ ಮನೆಯವಳು ಮೊಬೈಲ್ ಕಸಿದುಕೊಂಡಿದ್ದಾಳೆ.

ತನ್ನ ಮೈಯ ಗಾತ್ರದಷ್ಟು ನೀರನ್ನು ಐದಾರು ಸೆಕೆಂಡಿನಲ್ಲಿ ಹಾಯಿಸುವ ಸ್ಪಂಜುಗಳಿವೆ ಎಂದು ಓದಿದಾಗ ಕ್ಯಾಲ್ಕುಲೇಟರ್ ತೆಗೆದೆ. ನಡುವಿನ ಟೊಳ್ಳು ಬಿಟ್ಟು ಬರೀ ಮೈ ಹತ್ತು ಲೀಟರಿನ ಬಕೆಟ್ಟಿನಷ್ಟಿದೆ ಎಂದುಕೊಳ್ಳಿ. ಐದು ಸೆಕೆಂಡಿಗೊಮ್ಮೆ ಎಂದರೆ ನಿಮಿಷಕ್ಕೆ 120 ಲೀಟರ್, ದಿನಕ್ಕೆ 1,72,800 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಮೂವತ್ತನಾಲ್ಕೂವರೆ. ಕರೆಂಟಿಲ್ಲ, ಡೀಸೆಲ್ಲಿಲ್ಲ, ಟ್ಯಾಂಕರಿನವನಿಗೆ ಹತ್ತು ಸಲ ಫೋನ್ ಮಾಡುವುದಿಲ್ಲ.

ವಯಸ್ಸಿನ ಲೆಕ್ಕ ಇದಕ್ಕಿಂತ ವಿಚಿತ್ರ. ಕೆರಿಬಿಯನ್ ಸಮುದ್ರದಲ್ಲಿ ಇದರ ದೊಡ್ಡ ದಾಯಾದಿ ಇದೆ, ಸೆಸ್ಟೋಸ್ಪಾಂಜಿಯಾ ಮ್ಯೂಟಾ. ಸ್ಪಂಜಿಗೆ ಮರದ ಹಾಗೆ ವರ್ಷದ ಬಳೆಗಳಿಲ್ಲ. ಆದ್ದರಿಂದ ಫ್ಲಾರಿಡಾದಲ್ಲಿ ಸಂಶೋಧಕರು ಅವೇ ಸ್ಪಂಜುಗಳ ಫೋಟೊಗಳನ್ನು ವರ್ಷಗಟ್ಟಲೆ ತೆಗೆದು ಬೆಳವಣಿಗೆಯ ವೇಗ ಕಂಡುಕೊಂಡರು. 2008ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಅತಿ ದೊಡ್ಡ ಸ್ಪಂಜುಗಳು ಎರಡು ಸಾವಿರ ವರ್ಷ ದಾಟಿದಂಥವು. ನಮ್ಮ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಕಲ್ಲು ಕಡೆಯುತ್ತಿದ್ದಾಗ ಅಂಥ ಸ್ಪಂಜು ಸಾವಿರ ವರ್ಷದ ಮುದುಕ. ನನ್ನ ಬ್ಯಾರಲ್ ಬಿಸಿಲಿಗಿಟ್ಟರೆ ಆರೇಳು ವರ್ಷಕ್ಕೆ ಬಿರಿಯುತ್ತದೆ. ಗ್ಯಾರಂಟಿ ಕೇಳುವವರಿಗೆ ಇದನ್ನು ಹೇಳುವುದಿಲ್ಲ.

ನಾನು ನೋಡಿದ ಸ್ಪಂಜು ಒಂಟಿಯಾಗಿರಲಿಲ್ಲ. ಅಂಚಿನ ಮೇಲೆ ಗರಿಗಳಂತಹ ಕೈಗಳನ್ನು ಬಿಚ್ಚಿಕೊಂಡು, ನಕ್ಷತ್ರಮೀನಿನ ಬಂಧುವೊಂದು ಕುಳಿತಿತ್ತು. ಎತ್ತರದ ಜಾಗ ಹಿಡಿದರೆ ಹರಿದುಬರುವ ಊಟ ಸಿಗುತ್ತದೆ, ಜಾತ್ರೆಯಲ್ಲಿ ತೇರು ನೋಡಲು ಮಾಳಿಗೆ ಹತ್ತಿದ ಹಾಗೆ. ಬಾಯಿಯೊಳಗೆ ಇಣುಕಿದರೆ ಪುಟ್ಟ ಮೀನುಗಳು ಚದುರಿ ಮತ್ತೆ ಕೂಡಿದವು. ಹೊರಮೈಯ ಏಣುಗಳ ನಡುವೆ ಬೆಳ್ಳಗಿನ ಹುಳುಗಳು ಸುತ್ತಿಕೊಂಡಿದ್ದವು. ಕೊಳೆತಿದೆ ಎಂದೇ ತಿಳಿದೆ. ಅವು ಹುಳುಗಳಲ್ಲ, ಸಮುದ್ರ ಸೌತೆಯ ಒಂದು ಬಗೆ ಎಂದು ಆಮೇಲೆ ತಿಳಿಯಿತು. ಸ್ಪಂಜಿನ ಮೈಮೇಲಿನದನ್ನು ನೆಕ್ಕಿಕೊಂಡೇ ಬದುಕುತ್ತವೆ.

ಆ ನೆಕ್ಕುವಿಕೆ ಸಣ್ಣ ಸಂಗತಿಯಲ್ಲ. ಹವಳದ ದಿಬ್ಬದ ಸುತ್ತಲಿನ ತಿಳಿನೀರಿನಲ್ಲಿ ಸತ್ವ ಬಹಳ ಕಡಿಮೆ. ಇಂಥಲ್ಲಿ ಇಷ್ಟೊಂದು ಜೀವ ಹೇಗೆ ಎನ್ನುವುದು ಹಳೆಯ ಒಗಟು. ಹವಳ ಮತ್ತು ಪಾಚಿಗಳಿಂದ ಸೋರಿ ನೀರಿನಲ್ಲಿ ಕರಗಿಹೋಗುವ ಸಕ್ಕರೆಯಂಥ ಪದಾರ್ಥಗಳನ್ನು ಹೆಚ್ಚಿನ ಪ್ರಾಣಿಗಳು ತಿನ್ನಲಾರವು. ಕೆಲವು ಸ್ಪಂಜುಗಳು ಅದನ್ನು ಹೀರಿಕೊಂಡು, ತಮ್ಮ ಹಳೆಯ ಜೀವಕೋಶಗಳನ್ನು ಉದುರಿಸುತ್ತವೆ, ಆ ಚೂರುಗಳನ್ನು ತೆವಳುವ ಜೀವಿಗಳು ತಿನ್ನುತ್ತವೆ ಎಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಕರಗಿದ್ದನ್ನು ಮತ್ತೆ ತುತ್ತು ಮಾಡಿ ಬಡಿಸುವ ಅಡುಗೆಮನೆ ಎನ್ನಿ.

ಇಂಥದರೊಳಗೆ ಇಳಿದು ನಿಂತು ಫೋಟೊ ತೆಗೆಸಿಕೊಳ್ಳುವ ಮಂದಿ ಇದ್ದಾರೆ. ಅಂಚು ಮುರಿದರೆ ಕೂಡಿಕೊಳ್ಳಲು ಎಷ್ಟು ಕಾಲ ಬೇಕೋ! ನನ್ನ ಅಂಗಡಿಯಲ್ಲಿ ಬ್ಯಾರಲ್ ಒಳಗೆ ಇಳಿಯುವ ಮಕ್ಕಳನ್ನೇ ನಾನು ಗದರಿಸುತ್ತೇನೆ.

ಒಂದೇ ಒಂದು ಕೊರಗು ಉಳಿದಿದೆ. ಇಂಡೊನೇಷ್ಯಾ ಕಡೆಯ ಬ್ಯಾರಲ್ ಸ್ಪಂಜುಗಳ ಏಣುಗಳಲ್ಲಿ ಉಗುರಿನಷ್ಟು ದೊಡ್ಡದಾದ ಒಂದು ಜೀವಿ ಅಡಗಿರುತ್ತದೆ. ಗುಲಾಬಿ ಮೈ, ಮೈತುಂಬ ಬಿಳಿಯ ರೋಮ. ನೋಡಲು ಏಡಿಯ ಹಾಗಿದ್ದರೂ ಏಡಿಯಲ್ಲ. ಲಾರಿಯಾ ಸಿಯಾಗಿಯಾನಿ ಎಂದು 1994ರಲ್ಲಷ್ಟೇ ಅದಕ್ಕೆ ಹೆಸರಿಟ್ಟರು. ನಾನು ಲೀಟರ್ ಲೆಕ್ಕ ಹಾಕುತ್ತ ಏಣುಗಳನ್ನು ಸರಿಯಾಗಿ ನೋಡಲೇ ಇಲ್ಲ.

ಅಳಿಯ ಈ ವರ್ಷ ಮತ್ತೆ ಹೋಗಿದ್ದ. ಅದೇ ಸ್ಪಂಜಿನ ಫೋಟೊ ತಂದುಕೊಟ್ಟ, ಗೋಡೆಯಲ್ಲಿರುವುದು ಅದೇ. ಎಡಗಡೆಯಿಂದ ಮೂರನೆಯ ಏಣಿನ ಬುಡದಲ್ಲಿ ಗುಲಾಬಿ ಚುಕ್ಕೆಯೊಂದಿದೆ. ಮರಳು ಎನ್ನುತ್ತಾನೆ ಅಳಿಯ. ಪ್ರಿಂಟ್ ಹಾಕಿದವರ ಶಾಯಿ ಎನ್ನುತ್ತಾಳೆ ಮನೆಯವಳು. ನಾನು ದಿನಾ ಮಧ್ಯಾಹ್ನ ಕನ್ನಡಕ ಒರೆಸಿಕೊಂಡು ನೋಡುತ್ತೇನೆ. ನನಗಂತೂ ರೋಮ ಕಾಣುತ್ತದೆ.