ಅಜ್ಜಿ ನಡುವಿಗೆ ಬಂದರು

ನಿನ್ನೆ ಬೇಕಲ ಕೋಟೆಗೆ ಹಳೇ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನೇ ತಗೊಂಡು ಹೋಗಿದ್ದೆ. ಜೊತೆಗೆ ಅದರ ಮುಂದೆ ತಿರುಪಿ ಕೂರಿಸುವ 0.7 ಎಕ್ಸ್ ವೈಡ್ ಆ್ಯಂಗಲ್ ಲೆನ್ಸ್. ಕ್ಯಾಮೆರಾದ 35 ಮಿ.ಮೀ. ನೋಟ ಇದರಿಂದ ಸುಮಾರು 25 ಮಿ.ಮೀ.ಗೆ ಇಳಿಯುತ್ತದೆ, ಅಂದರೆ ಫೋಟೋದಲ್ಲಿ ಇನ್ನಷ್ಟು ಅಗಲ ಹಿಡಿಸುತ್ತದೆ. ಹಿಂದೆ ಸರಿಯಲು ಜಾಗವಿಲ್ಲದ ಕಡೆ ದೊಡ್ಡ ಉಪಕಾರ. ಕೆಳದಿ ನಾಯಕರ ಕೆಂಪುಕಲ್ಲಿನ ಬುರುಜು, ಕೆಳಗಿನ ಅಲೆ, ಆಕಾಶ ಎಲ್ಲ ಒಂದೇ ಫೋಟೋದಲ್ಲಿ ಬಂತು. ಮೇಲಿನ ಅಂಚಿಗೆ ಹೋದ ಸಮುದ್ರದ ಗೆರೆ ಬಿಲ್ಲಿನ ಹಾಗೆ ಬಾಗಿತ್ತು. ಅದನ್ನು ಫೋಟೋದ ನಡುವಿಗೆ ತಂದಾಗ ನೆಟ್ಟಗಾಯಿತು.

ಸಂಜೆ ಮನೆ ಜಗಲಿಯಲ್ಲಿ ಎಲ್ಲರ ಫೋಟೋ. 11 ಜನ. ಫ್ಲ್ಯಾಶ್ ಹಾಕಿದರೆ ಲೆನ್ಸಿನದ್ದೇ ನೆರಳು, ಕೆಳಮೂಲೆಯ ಅಡಿಕೆ ಗೋಣಿಯ ಮೇಲೆ ಕಪ್ಪಗೆ ಬಿತ್ತು. ಫ್ಲ್ಯಾಶ್ ಆಫ್ ಮಾಡಿ ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟೆ.

ಅಜ್ಜಿ ಯಾವಾಗಲೂ ತುದಿಯಲ್ಲೇ ನಿಲ್ಲುವವರು. ಈ ಲೆನ್ಸಿನಲ್ಲಿ ತುದಿಯವರ ಮುಖ ಎಳೆದ ಹಾಗಾಗುತ್ತದೆ, ಮಸುಕೂ ಜಾಸ್ತಿ. "ಅಜ್ಜಿ, ನೀವು ನಡುವೆ ಬನ್ನಿ" ಅಂದೆ. ಸೆರಗು ಸರಿ ಮಾಡಿಕೊಂಡು ಬಂದು ಕೂತರು.

ರಾತ್ರಿ ಹಳೇ ಆಲ್ಬಮ್ ತೆಗೆದು ನೋಡಿದೆ. ಎಷ್ಟೋ ಫೋಟೋಗಳಲ್ಲಿ ಅಜ್ಜಿಯ ಒಂದು ಭುಜ ಮಾತ್ರ ಇದೆ. ನಾವು ಯಾರೂ ಕರೆದೇ ಇರಲಿಲ್ಲ, ಅಲ್ವಾ?