ಅಚ್ಚು ಬೆಲ್ಲಕ್ಕೆ ನಾನು ಕೊಟ್ಟ 3

ರಿಪೋರ್ಟ್ ಬಿಡುವ ಹಿಂದಿನ ಮಧ್ಯಾಹ್ನ ಸ್ಟ್ಯಾಂಡರ್ಡೈಸೇಶನ್‌ಗೆ, ಅಂದರೆ ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ತಿದ್ದಿ ತಾಳೆ ನೋಡುವುದಕ್ಕೆ, ಕೂತಿದ್ದೆವು. ನಮ್ಮದು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್) ಶಾಲೆ. ಎಂವೈಪಿ 3, ಅಂದರೆ ಅದರ ಮಧ್ಯದ ತರಗತಿಗಳ ಕೋರ್ಸಿನ ಮೂರನೇ ವರ್ಷ; ಸೈನ್ಸ್, ಕ್ರೈಟೀರಿಯನ್ ಬಿ, ಅಂದರೆ ಪ್ರಯೋಗ ಯೋಜಿಸುವುದನ್ನು ಅಳೆಯುವ ಮಾನದಂಡ. ಎದುರಿಗಿದ್ದವರು ಪಕ್ಕದ ಸೆಕ್ಷನ್‌ನ ಟೀಚರ್, ನನಗಿಂತ ಹತ್ತು ವರ್ಷ ಚಿಕ್ಕವರು. ನಾನು ಕೊಟ್ಟ ಲೆವೆಲ್ ಕಾಣದ ಹಾಗೆ ಐದು ಪೇಪರ್ ಅವರ ಮುಂದಿಟ್ಟಿದ್ದೆ. ಮೊದಲನೆಯದನ್ನು ಓದಿ ಕೆಳಗಿಟ್ಟರು, ಮುಂದಿನ ಮೂರನ್ನೂ ಓದಿದರು, ಮತ್ತೆ ಮೊದಲನೆಯದನ್ನೇ ಎತ್ತಿಕೊಂಡರು.

"ಮೇಡಂ, ಈ ಹೈಪಾಥಿಸಿಸ್ ಯಾರದ್ದು?"

"ಮಕ್ಕಳದ್ದೇ."

"ನಾಲ್ಕು ಪೇಪರಲ್ಲೂ ಒಂದೇ ವಾಕ್ಯ ಇದೆಯಲ್ಲ."

ಆ ಊಹೆಯ ವಾಕ್ಯ ನನ್ನದು. ನೀರು ಬಿಸಿಯಾದಷ್ಟೂ ಸಕ್ಕರೆ ಬೇಗ ಕರಗುತ್ತದೆ, ಯಾಕೆಂದರೆ ಕಣಗಳ ಚಲನೆ ಹೆಚ್ಚುತ್ತದೆ. ಟಾಸ್ಕ್ ಶೀಟ್‌ನಲ್ಲಿ ಅದನ್ನು ಮುಕ್ಕಾಲು ಪಾಲು ಅಚ್ಚು ಹಾಕಿಸಿ, ತುಂಬಲು ಎರಡು ಖಾಲಿ ಜಾಗ ಬಿಟ್ಟಿದ್ದೆ. ವೇರಿಯಬಲ್‌ಗಳಿಗೆ (ಪ್ರಯೋಗದಲ್ಲಿ ಬದಲಾಗಬಲ್ಲ ಅಂಶಗಳಿಗೆ) ಟೇಬಲ್ ಕೂಡ ನಾನೇ ಹಾಕಿಕೊಟ್ಟಿದ್ದೆ. ಅದನ್ನೆಲ್ಲ ಸರಿಯಾಗಿ ತುಂಬಿದವರಿಗೆ 8ಕ್ಕೆ 7 ಕೊಟ್ಟಿದ್ದೆ.

ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಮಗು ಎಲ್ಲಿ ತಡವರಿಸುತ್ತದೋ ಅಲ್ಲಿ ಟೀಚರ್ ಕೈ ಹಿಡಿಯಬೇಕು ಅಂತ ನಂಬಿದ್ದೆ. ಆ ನಂಬಿಕೆ ತಪ್ಪು ಅಂತ ಈಗಲೂ ಹೇಳಲಾರೆ. ಆದರೆ ಕ್ರೈಟೀರಿಯನ್ ಬಿ ಅಳೆಯುವುದೇ ಆ ತಡವರಿಕೆಯನ್ನು: ಪ್ರಶ್ನೆ ಹುಟ್ಟಿಸುವುದು, ಊಹೆಗೆ ಕಾರಣ ಕೊಡುವುದು, ಯಾವುದನ್ನು ಬದಲಿಸಿ ಯಾವುದನ್ನು ಹಾಗೇ ಇಡಬೇಕು ಅಂತ ತೀರ್ಮಾನಿಸುವುದು. ಅಷ್ಟನ್ನೂ ನಾನೇ ಮಾಡಿಕೊಟ್ಟ ಮೇಲೆ ಅಳೆಯಲು ಅಲ್ಲಿ ಮಗುವಿನದ್ದು ಅನ್ನುವುದು ಏನೂ ಉಳಿದಿರಲಿಲ್ಲ.

ಐದನೇ ಪೇಪರ್ ಬಂತು. ಈ ಹುಡುಗ ನನ್ನ ಶೀಟನ್ನು ಮಗುಚಿ ಹಿಂಬದಿಯಲ್ಲಿ ಬರೆದಿದ್ದ. ಅವನ ಪ್ರಶ್ನೆ ಬೆಲ್ಲದ್ದು: ಒಂದೇ ತೂಕದ ಅಚ್ಚು ಬೆಲ್ಲ ಮತ್ತು ಕುಟ್ಟಿದ ಬೆಲ್ಲದಲ್ಲಿ ಯಾವುದು ಬೇಗ ಕರಗುತ್ತದೆ? ಮನೆಯಲ್ಲಿ ಪಾನಕಕ್ಕೆ ಅಜ್ಜಿ ಬೆಲ್ಲ ಕುಟ್ಟುವುದನ್ನು ನೋಡಿದ್ದನಂತೆ. ಕುಟ್ಟಿದರೆ ನೀರಿಗೆ ತಾಗುವ ಜಾಗ ಹೆಚ್ಚುತ್ತದೆ ಅಂತ ಕಾರಣ ಕೊಟ್ಟಿದ್ದ. ಎರಡೂ ಲೋಟಕ್ಕೆ ಅಷ್ಟೇ ನೀರು, ಅಷ್ಟೇ ಬಿಸಿ, ಒಂದೇ ಥರ ಕಲಕುವುದು, ಮೂರು ಸಲ ಮಾಡಿ ನೋಡುವುದು. ಇಂಡಿಪೆಂಡೆಂಟ್ ವೇರಿಯಬಲ್ (ನಾವು ಬೇಕೆಂದೇ ಬದಲಿಸುವ ಅಂಶ) ಅನ್ನುವ ಮಾತು ಮಾತ್ರ ಎಲ್ಲೂ ಇರಲಿಲ್ಲ. ಟೇಬಲ್ ಇರಲಿಲ್ಲ, ಎರಡು ಲೋಟದ ಚಿತ್ರ ಇತ್ತು.

ನಾನು ಅವನಿಗೆ ಕೊಟ್ಟಿದ್ದು 3. ಸೂಚನೆ ಪಾಲಿಸಿಲ್ಲ ಅಂತ ಕಾಮೆಂಟ್ ಬೇರೆ ಹಾಕಿದ್ದೆ.

ಆ ಟೀಚರ್ ಬರೆದಿದ್ದು 6. ಉಳಿದ ನಾಲ್ಕಕ್ಕೂ 4ರ ಮೇಲೆ ಹೋಗಲು ಅವರಿಗೆ ಮನಸ್ಸಾಗಲಿಲ್ಲ. ಲೆವೆಲ್ ಹಾಕುವ ಅಳತೆಪಟ್ಟಿಯಾದ ರೂಬ್ರಿಕ್ ತೆಗೆದು ಅದರ ಒಂದೊಂದೇ ಸ್ಟ್ರ್ಯಾಂಡ್ (ಅಂಶ) ಓದಿದೆವು. ನಾನು ವಾದ ಮಾಡಿದೆ. ಟರ್ಮಿನಾಲಜಿ ಇಲ್ಲ ಅಂದೆ, ಫಾರ್ಮ್ಯಾಟ್ ಇಲ್ಲ ಅಂದೆ. "ಫಾರ್ಮ್ಯಾಟ್ ಯಾವ ಸ್ಟ್ರ್ಯಾಂಡ್‌ನಲ್ಲಿದೆ ಮೇಡಂ?" ಅಂತ ಅವರು ಮೆಲ್ಲಗೆ ಕೇಳಿದಾಗ ನನಗೆ ತೋರಿಸಲು ಸಾಲು ಸಿಗಲಿಲ್ಲ. ಆ ಎರಡು ನಿಮಿಷ ಪ್ರಿಂಟರ್ ಸದ್ದು ಬಿಟ್ಟರೆ ಸ್ಟಾಫ್ ರೂಮಿನಲ್ಲಿ ಬೇರೆ ಸದ್ದಿರಲಿಲ್ಲ. ಕಿವಿ ಬಿಸಿಯಾಗಿತ್ತು. ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ಪೇಪರ್ ತೋರಿಸಿದ ದಿನ ಅದನ್ನು ನೋಡಿ ಸುಮ್ಮನೆ ವಾಪಸ್ ಕೊಟ್ಟಿದ್ದ, ಏನೂ ಕೇಳಿರಲಿಲ್ಲ.

ಆ ರಾತ್ರಿ ಇಪ್ಪತ್ತೆರಡು ಪೇಪರ್ ಮತ್ತೆ ತಿದ್ದಿದೆ. ಪೋರ್ಟಲ್ ಲಾಕ್ ಆಗಿತ್ತು, ತೆಗೆಸಲು ಮೂರು ಜನರಿಗೆ ಮೇಲ್ ಹಾಕಬೇಕಾಯಿತು. ನಾಲ್ಕು ಕ್ರೈಟೀರಿಯಾದಲ್ಲೂ 7 ಇದ್ದ ಹುಡುಗಿಯದ್ದು ಬಿಯಲ್ಲಿ 4 ಆಗಿ ಒಟ್ಟು 28ರಿಂದ 25ಕ್ಕೆ ಇಳಿಯಿತು, ಆ ಒಟ್ಟಿನ ಮೇಲೆ ಸಿಗುವ ಗ್ರೇಡ್ 7 ಇದ್ದದ್ದು 6 ಆಯಿತು. ಅವಳ ತಾಯಿಗೆ ನಾನೇ ಫೋನ್ ಮಾಡಿದೆ. ತಪ್ಪು ಮಗುವಿನದ್ದಲ್ಲ, ನಾನು ಕೊಟ್ಟ ಶೀಟಿನದ್ದು ಅಂದೆ. ಅವರಿಗೆ ಸಮಾಧಾನವಾಗಲಿಲ್ಲ, ಆಗಬೇಕಾಗಿಯೂ ಇಲ್ಲ.

ಮ್ಯಾನೇಜ್‌ಮೆಂಟ್ ಬಗ್ಗೆ ನನಗೊಂದು ಸಿಟ್ಟು ಇನ್ನೂ ಇದೆ. ಪಾಠದ ಯೋಜನೆ ಬರೆಯುವ ಯೂನಿಟ್ ಪ್ಲಾನರ್‌ನ ಪ್ರತಿ ಬಾಕ್ಸನ್ನೂ ನೋಡುತ್ತಾರೆ. ಯೂನಿಟ್‌ನ ಮುಖ್ಯ ವಿಚಾರ ಹೇಳುವ ವಾಕ್ಯದ, ಅಂದರೆ ಸ್ಟೇಟ್‌ಮೆಂಟ್ ಆಫ್ ಇನ್‌ಕ್ವೈರಿಯ, ಒಂದು ಪದಕ್ಕೆ ಅರ್ಧ ಗಂಟೆ ಚರ್ಚೆ ಆಗುತ್ತದೆ. ಮಗುವಿನ ಕೈಗೆ ಹೋಗುವ ಟಾಸ್ಕ್ ಶೀಟನ್ನು ಮಾತ್ರ ಯಾರೂ ನೋಡುವುದಿಲ್ಲ. ಸ್ಟ್ಯಾಂಡರ್ಡೈಸೇಶನ್ ಇಡುವುದು ಲೆವೆಲ್ ಹಾಕಿ ಮುಗಿದ ಮೇಲೆ, ರಿಪೋರ್ಟ್‌ಗೆ ಒಂದು ದಿನ ಇರುವಾಗ. ಶೀಟ್ ಪ್ರಿಂಟ್‌ಗೆ ಹೋಗುವ ಮೊದಲು ಇನ್ನೊಬ್ಬರು ಹತ್ತು ನಿಮಿಷ ಓದಿದ್ದರೆ ಇದು ಅಲ್ಲೇ ನಿಲ್ಲುತ್ತಿತ್ತು. ಈಗ ನಾವಿಬ್ಬರೂ ಯಾರೂ ಹೇಳದೆಯೇ ಹಾಗೆ ಮಾಡುತ್ತೇವೆ.

ವರ್ಷಕ್ಕೆ ಪ್ರತಿ ಕ್ರೈಟೀರಿಯನ್ ಕಡೇಪಕ್ಷ ಎರಡು ಸಲ ಅಳೆಯಬೇಕು ಅಂತ ಐಬಿ ನಿಯಮ ಇರುವುದರಿಂದ ನನಗೂ ಎರಡನೇ ಅವಕಾಶ ಸಿಕ್ಕಿತು. ಮುಂದಿನ ಯೂನಿಟ್‌ನಲ್ಲಿ ಆವಿಯಾಗುವಿಕೆ. ಮೇಜಿನ ಮೇಲೆ ಒದ್ದೆ ಬಟ್ಟೆ, ತಟ್ಟೆ, ಲೋಟ ಇಟ್ಟು ಖಾಲಿ ಹಾಳೆ ಕೊಟ್ಟೆ. ಬೆಲ್ಲದ ಹುಡುಗ ಕೂಡಲೇ ತಲೆ ಬಗ್ಗಿಸಿದ. 28 ಕಳೆದುಕೊಂಡ ಹುಡುಗಿ ಕೈ ಎತ್ತಿದಳು.

"ಮಿಸ್, ಮೊದಲನೇ ಸಾಲು ಒಂದು ಹೇಳಿ."

ನಾಲಿಗೆ ತುದಿಗೆ ಬಂದಿತ್ತು. ಕೈ ಕಟ್ಟಿಕೊಂಡು ಕಿಟಕಿ ಹತ್ತಿರ ಹೋಗಿ ನಿಂತೆ. ಹದಿನೈದು ನಿಮಿಷ ಅವಳ ಹಾಳೆ ಖಾಲಿ ಇತ್ತು. ಕಣ್ಣಲ್ಲಿ ನೀರೂ ಬಂದಿತ್ತು. ಆಮೇಲೆ ಒಂದು ಸಾಲು ಬರೆದಳು: ಬಟ್ಟೆಯನ್ನು ಹರವಿ ಹಾಕುವ ಬದಲು ಮಡಚಿ ಹಾಕಿದರೆ ಒಣಗಲು ಎಷ್ಟು ಹೆಚ್ಚು ಹೊತ್ತು ಬೇಕು?